ಉತ್ಪ್ರೇಕ್ಷೆ ಅಂದರೆ ಅತಿಯಾಗಿ ಹೇಳುವುದಲ್ಲ

ಹೈಸ್ಕೂಲಿನ ಒಂದು ಕನ್ನಡ ಪರೀಕ್ಷೆಯಲ್ಲಿ 'ಅವಳ ಕಣ್ಣೀರಿಗೆ ಕೆರೆ ಕೋಡಿ ಬಿತ್ತು' ಅನ್ನುವ ಥರದ ಸಾಲು ಕೊಟ್ಟು ಅಲಂಕಾರ ಹೆಸರಿಸಿ ಎಂದು ಕೇಳಿದ್ದರು. ನಾನು ಯೋಚನೆ ಕೂಡ ಮಾಡದೆ ಉತ್ಪ್ರೇಕ್ಷೆ ಎಂದು ಬರೆದೆ. ತಪ್ಪಾಯಿತು. ಅದು ಅತಿಶಯೋಕ್ತಿ, ಅಂದರೆ ಇದ್ದದ್ದನ್ನು ಮಿತಿಮೀರಿಸಿ ಹೇಳುವ ಅಲಂಕಾರ.

ಆ ತಪ್ಪು ನನ್ನೊಬ್ಬನದಲ್ಲ, ಈಗಲೂ ತುಂಬಾ ಮಕ್ಕಳು ಅಲ್ಲೇ ಎಡವುತ್ತಾರೆ. ಕಾರಣ ಸುಲಭ. ದಿನದ ಮಾತಿನಲ್ಲಿ ಉತ್ಪ್ರೇಕ್ಷೆ ಅಂದರೆ ಇದ್ದದ್ದಕ್ಕಿಂತ ಜಾಸ್ತಿ ಮಾಡಿ ಹೇಳುವುದು. ಅಲಂಕಾರದ ಪಾಠದಲ್ಲಿ ಅದೇ ಪದಕ್ಕೆ ಬೇರೆಯೇ ಕೆಲಸ ಇದೆ, ಆದರೆ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಪದವನ್ನೇ ಒಡೆದು ನೋಡಿ: ಉತ್, ಪ್ರ, ಈಕ್ಷೆ. ಈಕ್ಷೆ ಅಂದರೆ ನೋಡುವುದು. ಪರೀಕ್ಷೆ, ನಿರೀಕ್ಷೆ, ಸಮೀಕ್ಷೆ, ಪ್ರೇಕ್ಷಕ ಎಲ್ಲದರಲ್ಲೂ ಇರುವುದು ಇದೇ ನೋಟ. ಕಣ್ಣೆದುರು ಇರುವುದನ್ನು ದಾಟಿ, ಇದು ಹೀಗಿರಬಹುದೇನೋ ಎಂದು ಮನಸ್ಸು ಮುಂದಕ್ಕೆ ನೋಡುವುದು ಉತ್ಪ್ರೇಕ್ಷೆ.

ಮಳೆಹನಿಯನ್ನೇ ತೆಗೆದುಕೊಳ್ಳಿ. 'ಎಲೆಯ ಮೇಲೆ ಹನಿ ಮುತ್ತಿನಂತೆ ಹೊಳೆಯಿತು.' ಇದು ಉಪಮೆ. ಹನಿ ಉಪಮೇಯ (ಹೋಲಿಸುತ್ತಿರುವುದು), ಮುತ್ತು ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು), 'ಅಂತೆ' ಉಪಮಾವಾಚಕ, ಹೊಳೆಯುವುದು ಸಮಾನಧರ್ಮ. ಇಲ್ಲಿ ಹನಿ ಹನಿಯೇ, ಮುತ್ತು ಮುತ್ತೇ, ಎರಡೂ ಬೇರೆ ಬೇರೆಯಾಗಿಯೇ ಉಳಿದಿವೆ. 'ಮಳೆಹನಿಯೆಂಬ ಮುತ್ತು' ಅಂದ ತಕ್ಷಣ ನಡುವಿನ ಗೋಡೆ ಬಿತ್ತು, ಅದು ರೂಪಕ. ಇನ್ನು ಇದನ್ನು ಓದಿ: 'ಆಕಾಶದ ಕೊರಳಿನ ಹಾರ ಹರಿದು ಮುತ್ತು ಚೆಲ್ಲಿತೋ ಎಂಬಂತೆ ಹನಿಗಳು ಉದುರಿದವು.' ಇದು ಉತ್ಪ್ರೇಕ್ಷೆ. ಹಾರ ಇಲ್ಲ, ಹರಿದೂ ಇಲ್ಲ. ಅದು ಕವಿಗೂ ಗೊತ್ತು. ಆದರೂ ಹಾಗೇ ಆಯಿತೇನೋ ಅನ್ನಿಸಿಬಿಟ್ಟಿತು, ಅಲ್ವಾ? ಆ 'ಏನೋ', ಆ 'ಓ ಎಂಬಂತೆ' ಇದೆಯಲ್ಲ, ಅಲಂಕಾರದ ಜೀವವೆಲ್ಲ ಆ ಪುಟ್ಟ ಪದದಲ್ಲಿದೆ. ಉಪಮೆಯಲ್ಲಿ ಹೋಲಿಕೆ, ರೂಪಕದಲ್ಲಿ ನಿಶ್ಚಯ, ಉತ್ಪ್ರೇಕ್ಷೆಯಲ್ಲಿ ಊಹೆ. ನನ್ನ ಕೇಳಿದರೆ ಮೂರರಲ್ಲಿ ಇದೇ ಹೆಚ್ಚು ಸೊಗಸು, ಯಾಕೆಂದರೆ ಮನಸ್ಸು ಕಲ್ಪಿಸಿಕೊಳ್ಳುತ್ತಿರುವ ಆ ಗಳಿಗೆಯೇ ಸಾಲಿನಲ್ಲಿ ಕಾಣುತ್ತದೆ.

ಪ್ರಾಸವೂ ಹೀಗೆಯೇ. ಈಗ ನಾವು ಪ್ರಾಸ ಅಂದರೆ ಸಾಲಿನ ಕೊನೆ ನೋಡುತ್ತೇವೆ. ಹಳೆಯ ಕನ್ನಡ ಕಾವ್ಯದ ಪ್ರಾಸ ಇರುವುದು ಸಾಲಿನ ಶುರುವಿನಲ್ಲಿ, ಎರಡನೇ ಅಕ್ಷರದಲ್ಲಿ. ಷಟ್ಪದಿ ಆದರೆ ಆರೂ ಸಾಲಿನಲ್ಲಿ ಆ ಜಾಗದ ವ್ಯಂಜನ ಒಂದೇ ಇರಬೇಕು, ಸ್ವರ ಬದಲಾಗಬಹುದು. ಅಷ್ಟೇ ಅಲ್ಲ, ಅದರ ಹಿಂದಿನ ಅಕ್ಷರ ಹೇಗಿದೆ, ಆ ಜಾಗದಲ್ಲಿ ಒತ್ತು ಇದೆಯೇ ಎಂಬುದಕ್ಕೂ ಲೆಕ್ಕ ಇದೆ. 10ನೇ ಶತಮಾನದ ನಾಗವರ್ಮ ಛಂದೋಂಬುಧಿ ಎಂಬ ಛಂದಸ್ಸಿನ ಗ್ರಂಥದಲ್ಲಿ ಇದಕ್ಕೆ ಆರು ಪ್ರಾಣಿಗಳ ಹೆಸರು ಹೇಳಿದ್ದಾನೆ. ಮನೆ, ಕನಸು, ಜನರು ಎಂದು ಮೊದಲಕ್ಷರ ಹ್ರಸ್ವವಾದರೆ ಸಿಂಹಪ್ರಾಸ. ಗಾಳಿ, ಏಳು, ಹೇಳು ಎಂದು ದೀರ್ಘವಾದರೆ ಗಜಪ್ರಾಸ. ಅಂದ, ಬಂದ ಎಂದು ಸೊನ್ನೆ ಬಂದರೆ ವೃಷಭ. ದುಃಖದ ಹಾಗೆ ವಿಸರ್ಗ ಬಂದರೆ ಅಜ. ಭಕ್ತಿ, ಶಕ್ತಿಯ ಹಾಗೆ ಬೇರೆ ಅಕ್ಷರದ ಒತ್ತು ಬಂದರೆ ಶರಭ. ಅಕ್ಕ, ಹಕ್ಕಿಯ ಹಾಗೆ ಅದೇ ಅಕ್ಷರದ ಒತ್ತು ಬಂದರೆ ಹಯ. ಸುಮ್ನೆ ಬಾಯಿಪಾಠ ಮಾಡಬೇಡಿ. ಒಂದು ಷಟ್ಪದಿ ತೆಗೆದು ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಪೆನ್ಸಿಲ್ಲಿನಿಂದ ಸುತ್ತು ಹಾಕಿ, ಆಮೇಲೆ ಗಟ್ಟಿಯಾಗಿ ಓದಿ. ಕಿವಿಯೇ ಹೇಳಿಕೊಡುತ್ತದೆ.

ರೀತಿ, ಗುಣ, ರಸ ಎಲ್ಲವೂ ಇಂಥ ಪದಗಳೇ, ಮನೆಯಲ್ಲಿ ಒಂದು ಅರ್ಥ, ಪಾಠದಲ್ಲಿ ಇನ್ನೊಂದು. ಆದರೆ ಧ್ವನಿ ಮಾತ್ರ ಬಿಟ್ಟುಹೋಗುವ ಹಾಗಿಲ್ಲ. ಇಲ್ಲಿ ಧ್ವನಿ ಅಂದರೆ ಕೂಗು, ಸದ್ದು ಅಲ್ಲ. ಬಾಯಿ ಬಿಟ್ಟು ಹೇಳದೆಯೂ ಮಾತಿನಿಂದ ಹೊಳೆಯುವ ಅರ್ಥ. ಇದಕ್ಕೆ ಹಿಂದಿನವರು ಕೊಡುತ್ತಿದ್ದ ಉದಾಹರಣೆ ತೀರಾ ಸರಳ: 'ಹೊತ್ತು ಮುಳುಗಿತು.' ಎರಡೇ ಪದ. ದನ ಕಾಯುವವನಿಗೆ ಅದು ಮನೆ ಕಡೆ ಹೊಡೆದುಕೊಂಡು ಹೋಗು ಎಂದು ಕೇಳಿಸುತ್ತದೆ. ಕೆಲಸದಲ್ಲಿದ್ದವನಿಗೆ, ಇವತ್ತಿಗೆ ಸಾಕು. ಕಳ್ಳನಿಗೆ, ಇನ್ನು ಹೊರಡಬಹುದು.