ಎಡಗೈಯ ಊಟ ಮತ್ತು ಓರೆಮ್ ಅವರ ಗೃಹೀತಗಳು

10 ಆಗಸ್ಟ್ 2023, ಗುರುವಾರ

ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳ ಕೇರ್ ಪ್ಲಾನ್, ಅಂದರೆ ರೋಗಿಯ ಆರೈಕೆಯ ಲಿಖಿತ ಯೋಜನೆ, ತಿದ್ದುತ್ತ ಇಂದು ಬಹಳ ಹೊತ್ತು ಕುಳಿತೆ. ಬಲಭಾಗಕ್ಕೆ ಪಾರ್ಶ್ವವಾಯು ಬಡಿದು ದಾಖಲಾಗಿರುವ ಹಿರಿಯರೊಬ್ಬರ ಊಟದ ವಿಷಯದಲ್ಲಿ, ತನ್ನ ಆರೈಕೆಯನ್ನು ತಾನೇ ಮಾಡಿಕೊಳ್ಳಲಾಗದಷ್ಟನ್ನು ಶುಶ್ರೂಷೆ ತುಂಬಿಕೊಡಬೇಕು ಎನ್ನುವ, ಶುಶ್ರೂಷಾ ಚಿಂತಕಿ ಡೊರೊಥಿಯಾ ಓರೆಮ್ ಅವರ ಸ್ವ-ಆರೈಕೆ ಕೊರತೆಯ ಸಿದ್ಧಾಂತವನ್ನು ಅನುಸರಿಸಿ, ‘ಸಂಪೂರ್ಣ ಅವಲಂಬನೆ; ಶುಶ್ರೂಷಕಿಯೇ ಉಣಿಸಬೇಕು’ ಎಂದು ಅವಳು ಬರೆದಿದ್ದಳು. ಆದರೆ ಅವರ ಎಡಗೈಯಲ್ಲಿ ಬಲವಿದೆ. ನುಂಗಲು ತೊಂದರೆಯಿಲ್ಲವೆಂದು ಪರೀಕ್ಷಿಸಿಯೂ ಆಗಿದೆ. ಹಾಗಿದ್ದರೂ ಮೂರು ದಿನಗಳಿಂದ ಅವರ ಸೊಸೆಯೋ ನಮ್ಮ ಹುಡುಗಿಯರೋ ಬಾಯಿಗೆ ತುತ್ತಿಡುತ್ತಿದ್ದಾರೆ.

1914ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜನಿಸಿದ ಓರೆಮ್, ದಾದಿಯರ ಪಠ್ಯಕ್ರಮ ರೂಪಿಸುವ ಕೆಲಸದಲ್ಲಿದ್ದಾಗ, ಮನುಷ್ಯನಿಗೆ ಶುಶ್ರೂಷೆ ಬೇಕಾಗುವುದು ಯಾವ ಸ್ಥಿತಿಯಲ್ಲಿ ಎಂಬ ಪ್ರಶ್ನೆಯನ್ನು ಹಿಡಿದು ಹೊರಟವರು. 1971ರಲ್ಲಿ ಪುಸ್ತಕರೂಪದಲ್ಲಿ ಬಂದ ಅವರ ಚಿಂತನೆಯ ತಳದಲ್ಲಿ ಕೆಲವು ಗೃಹೀತಗಳಿವೆ, ಅಂದರೆ ಮೊದಲೇ ನಿಜವೆಂದು ಒಪ್ಪಿಕೊಂಡ ಮಾತುಗಳಿವೆ. ಜನರು ತಮ್ಮ ಆರೈಕೆಗೂ, ತಮ್ಮ ಮನೆಯಲ್ಲಿ ಆರೈಕೆ ಬೇಕಾದವರಿಗೂ ತಾವೇ ಹೊಣೆಯಾಗಬೇಕು. ಪ್ರತಿಯೊಬ್ಬರೂ ಬೇರೆಬೇರೆ ವ್ಯಕ್ತಿಗಳು. ಶುಶ್ರೂಷೆಯೆಂಬುದು ಇಬ್ಬರು ಅಥವಾ ಹೆಚ್ಚು ಜನರ ನಡುವೆ ನಡೆಯುವ ಕ್ರಿಯೆ. ಸ್ವ-ಆರೈಕೆಯೆಂಬುದು ಸಮಾಜ ಮತ್ತು ಸಂಸ್ಕೃತಿಯ ನಡುವೆ ಕಲಿತು ಬಂದ ನಡವಳಿಕೆ.

ಪರೀಕ್ಷೆಗೆ ಓದುವವರು ಮೊದಲನೆಯದನ್ನು ಗಟ್ಟಿಮಾಡಿಕೊಂಡು ಕೊನೆಯದನ್ನು ಬಿಟ್ಟುಬಿಡುತ್ತಾರೆ. ನನ್ನ ಅನುಭವದಲ್ಲಿ ಕೊನೆಯದಿಲ್ಲದೆ ಮೊದಲನೆಯದು ಕ್ರೂರವಾಗುತ್ತದೆ. ‘ನಿಮ್ಮ ಊಟ ನೀವೇ ಮಾಡಿ’ ಎಂದು ಹೇಳಿ ತಟ್ಟೆಯನ್ನು ಮುಂದಿಟ್ಟು ಹೋಗುವುದು ಸ್ವಾವಲಂಬನೆಯನ್ನು ಕಲಿಸಿದಂತೆ ಆಗುವುದಿಲ್ಲ.

ಮಧ್ಯಾಹ್ನ ವಿದ್ಯಾರ್ಥಿನಿಯೊಂದಿಗೆ ಅವರ ಹಾಸಿಗೆಯ ಬಳಿ ಹೋಗಿ, ‘ಅಜ್ಜಾ, ಎಡಗೈಯಲ್ಲಿ ಒಂದು ತುತ್ತು ತೆಗೆದುಕೊಳ್ಳುತ್ತೀರಾ?’ ಎಂದು ಕೇಳಿದೆ. ಅವರು ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿನ ಮೇಲೆ, ‘ಆ ಕೈಯಲ್ಲಿ ಅನ್ನ ಮುಟ್ಟುವುದುಂಟೇನಮ್ಮಾ?’ ಎಂದರು. ಕೊರತೆ ಎಲ್ಲಿದೆಯೆಂಬುದು ಆಗ ನಮಗಿಬ್ಬರಿಗೂ ತಿಳಿಯಿತು. ಬಾಲ್ಯದಲ್ಲಿ ತಾಯಿ ಕೈಮೇಲೆ ಹೊಡೆದು ಕಲಿಸಿದ, ಎಪ್ಪತ್ತು ವರ್ಷ ಪಾಲಿಸಿಕೊಂಡು ಬಂದ ಶುಚಿಯ ನಿಯಮ ಅವರನ್ನು ತಡೆದಿತ್ತು; ಸ್ನಾಯುಗಳನ್ನು ಮಾತ್ರ ಅಳೆದು ಕೇರ್ ಪ್ಲಾನ್ ಬರೆದವರಿಗೆ ಅದು ಕಂಡಿರಲಿಲ್ಲ. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಶೌಚಕ್ಕೊಂದು ಕೈ, ಊಟಕ್ಕೊಂದು ಕೈ ಎಂಬ ವಿಂಗಡಣೆಯೂ ಒಂದು ಸ್ವ-ಆರೈಕೆಯೇ, ಮತ್ತು ಈಗ ಎರಡೂ ಕೆಲಸ ಒಂದೇ ಕೈಗೆ ಬಿದ್ದಿರುವುದು ಅವರ ಪಾಲಿಗೆ ಸಣ್ಣ ಸಂಕಟವಲ್ಲ.

ಕಲಿತದ್ದನ್ನು ಬೇರೆ ರೀತಿಯಲ್ಲಿ ಕಲಿಯಲೂ ಸಾಧ್ಯ, ಆದರೆ ಕಲಿಸಿದ ಬಳಗವೇ ಒಪ್ಪಿಗೆ ಕೊಡಬೇಕಾಗುತ್ತದೆ. ಪಕ್ಕದಲ್ಲಿದ್ದ ಅವರ ಹೆಂಡತಿ, ‘ದೇವರು ಉಳಿಸಿಕೊಟ್ಟ ಕೈ ಅದು, ಅದರಲ್ಲೇ ಉಣ್ರೀ’ ಎಂದರು. ನಾನು ಅರ್ಧ ಗಂಟೆ ವಿವರಿಸಿದ್ದರೂ ಆಗದ ಕೆಲಸ ಆ ಒಂದು ಮಾತಿನಿಂದ ಆಯಿತು. ಸೋಪಿನಿಂದ ಕೈ ತೊಳೆಸಿದೆವು. ಕೈಯಿಂದ ಅನ್ನ ಮುಟ್ಟುವುದಿಲ್ಲ, ಚಮಚ ಕೊಡಿ ಎಂದು ಅವರೇ ದಾರಿ ಕಂಡುಕೊಂಡರು. ಮೊಸರನ್ನದ ಆರು ಚಮಚಗಳಲ್ಲಿ ಎರಡು ಅಂಗಿಯ ಮೇಲೆ ಬಿದ್ದವು. ಒರೆಸಲು ಮುಂದಾದ ಸೊಸೆಯನ್ನು, ಊಟ ಮುಗಿಯುವವರೆಗೆ ಕಾಯುವಂತೆ ಕೇಳಿಕೊಂಡೆ.

ಓರೆಮ್ ಹೇಳುವ ಶುಶ್ರೂಷೆಯ ಮೂರು ವ್ಯವಸ್ಥೆಗಳಲ್ಲಿ ಇದು ಎರಡನೆಯದು: ಒಂದಷ್ಟನ್ನು ರೋಗಿ ಮಾಡುತ್ತಾರೆ, ಒಂದಷ್ಟನ್ನು ನಾವು. ವಿದ್ಯಾರ್ಥಿನಿ ‘ಸಂಪೂರ್ಣ’ ಎಂಬುದನ್ನು ಹೊಡೆದು ‘ಭಾಗಶಃ’ ಎಂದು ಬರೆದಳು. ಕಾರಣದ ಅಂಕಣದಲ್ಲಿ ಏನು ಬರೆಯಲಿ ಎಂದು ಕೇಳಿದಾಗ, ಅಜ್ಜನ ಮಾತನ್ನೇ ಬರೆ ಎಂದೆ. ಹಿಡಿ ದಪ್ಪವಿರುವ ಚಮಚವನ್ನು ನಾಳೆ ಫಿಸಿಯೋಥೆರಪಿ ವಿಭಾಗದಲ್ಲಿ ವಿಚಾರಿಸಬೇಕು.