ಕೋಟೆ ಭದ್ರವಾದ ಮೇಲೆ ಆಡುವುದು ಏನನ್ನು?

ಡ್ವಾರ್ಫ್ ಫೋರ್ಟ್ರೆಸ್ ಎಂಬ ಕಂಪ್ಯೂಟರ್ ಆಟವನ್ನು ಕೆಲವು ತಿಂಗಳು ಬಿಡದೆ ಆಡಿದವರು ಒಂದಲ್ಲ ಒಂದು ದಿನ ನನ್ನನ್ನು ಕೇಳುವ ಪ್ರಶ್ನೆಯಿದು: "ಕೋಟೆಗೆ ಹತ್ತು ವರ್ಷ ತುಂಬಿತು. ಉಗ್ರಾಣದಲ್ಲಿ ಊಟಕ್ಕೂ ಮದ್ಯಕ್ಕೂ ಕೊರತೆಯಿಲ್ಲ. ಗಾಬ್ಲಿನ್ ಸೈನ್ಯ ಬಂದರೆ ಸೇತುವೆ ಎತ್ತಿದರಾಯಿತು. ಈಗ ಬೇಸರ ಬಂದಿದೆ, ಹೊಸ ಕೋಟೆ ಶುರುಮಾಡಲೇ?" ಬೇಡ ಎಂದೇ ನಾನು ಪ್ರತಿಸಲವೂ ಹೇಳುತ್ತೇನೆ. ಹೊಸ ಕೋಟೆಯೂ ಕೆಲವೇ ವರ್ಷಗಳಲ್ಲಿ ಇದೇ ಸ್ಥಿತಿಗೆ ಬಂದು ನಿಲ್ಲುತ್ತದೆ, ಏಕೆಂದರೆ ಅದನ್ನು ಕಟ್ಟುವವರೂ ನೀವೇ, ಅದಕ್ಕೆ ಸೇತುವೆ ಹಾಕುವವರೂ ನೀವೇ.

ಟಾರ್ನ್ ಮತ್ತು ಝ್ಯಾಕ್ ಆಡಮ್ಸ್ ಎಂಬ ಸಹೋದರರು 2006ರಲ್ಲಿ ಮೊದಲ ಬಾರಿಗೆ ಹೊರತಂದ, 2022ರ ಡಿಸೆಂಬರ್‌ನಲ್ಲಿ ಚಿತ್ರಗಳ ಸಮೇತ ಆನ್‌ಲೈನ್ ಆಟದಂಗಡಿಯಾದ ಸ್ಟೀಮ್‌ಗೆ ಬಂದ ಈ ಆಟದಲ್ಲಿ ಗೆಲುವು ಎಂಬುದೇ ಇಲ್ಲ. ಏಳು ಜನ ಕುಬ್ಜರು ಒಂದು ಬಂಡಿಯೊಂದಿಗೆ ಬಂದಿಳಿಯುತ್ತಾರೆ, ಬೆಟ್ಟವನ್ನು ಕೊರೆಯುತ್ತಾರೆ, ಬಹಳಷ್ಟು ಸಲ ಸಾಯುತ್ತಾರೆ. "ಸೋಲುವುದೇ ಮಜಾ" ಎಂಬ ಮಾತು ಆಟಗಾರರಲ್ಲಿ ಪ್ರಚಲಿತವಾಗಿರುವುದು ಇದಕ್ಕಾಗಿಯೇ. ಮೊದಲ ಕೋಟೆ ನದಿಯ ನೀರು ಒಳನುಗ್ಗಿ ಮುಳುಗುತ್ತದೆ, ಎರಡನೆಯದು ಮೊದಲ ಮುತ್ತಿಗೆಯಲ್ಲೇ ಬೀಳುತ್ತದೆ, ಐದಾರನೆಯ ಹೊತ್ತಿಗೆ ಸೋಲುವುದೇ ಕಷ್ಟವಾಗುತ್ತದೆ. ನಿಮ್ಮ ಬೇಸರ ನೀವು ಕಲಿತ ವಿದ್ಯೆಗೆ ತೆತ್ತ ಬೆಲೆ.

ಈ ಹಂತದಲ್ಲಿ ಹಲವರು ಸೆಟ್ಟಿಂಗ್ಸ್‌ಗೆ ಹೋಗಿ ಶತ್ರುಗಳನ್ನು ಹೆಚ್ಚಿಸುತ್ತಾರೆ. ನಾನೂ ಒಮ್ಮೆ ಅದನ್ನೇ ಮಾಡಿದ್ದೆ. ನಾನು ಹೆಚ್ಚು ಆಡಿದ ಆವೃತ್ತಿಗಳಲ್ಲಿ ಎತ್ತಿದ ಸೇತುವೆಯನ್ನು ಯಾರೂ ಒಡೆಯಲಾರರು. ಹಾಗಿರುವಾಗ ಅದರಾಚೆ ನಿಂತವರು ಐವತ್ತು ಮಂದಿಯಾದರೇನು, ನೂರೈವತ್ತು ಮಂದಿಯಾದರೇನು? ಹೆಚ್ಚಿದ್ದು ನನ್ನ ಕಂಪ್ಯೂಟರಿನ ಏದುಸಿರು ಮಾತ್ರ. ಗೋಡೆ ಗಟ್ಟಿಯಾಗಿರುವುದರಲ್ಲಿ ತಪ್ಪೇನಿಲ್ಲ. ಎಲ್ಲ ಪ್ರಶ್ನೆಗಳಿಗೂ ಸೇತುವೆ ಎತ್ತುವ ಒಂದೇ ಲಿವರ್ ಉತ್ತರ ಕೊಡುತ್ತಿರುವಾಗ ಆಟಗಾರನಿಗೆ ನಿರ್ಧರಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ನನ್ನ ಮೊದಲ ಸಲಹೆ ಆ ಲಿವರನ್ನು ಕಿತ್ತುಹಾಕುವುದು. ಸೇತುವೆ ಸದಾ ಇಳಿದೇ ಇರಲಿ; ದಾರಿಯುದ್ದಕ್ಕೂ ಹೂಡಿದ ಬೋನುಗಳನ್ನೂ ತೆಗೆಯಿರಿ; ಬಂದವರನ್ನು ಬಾಗಿಲಲ್ಲಿ ನಿಂತು ಎದುರಿಸಲು ತುಕಡಿಗಳನ್ನು ಕಳುಹಿಸಿ.

ಹೀಗೆ ಮಾಡಿದ ಮೊದಲ ವರ್ಷದಲ್ಲೇ ನನಗೆ ಕಂಡದ್ದೇನೆಂದರೆ, ಆಟದ ಅರ್ಧಭಾಗ ಅಷ್ಟು ದಿನವೂ ಆ ಸೇತುವೆಯ ಹಿಂದೆ ನಿದ್ರಿಸುತ್ತಿತ್ತು. ಶಿಸ್ತಿಗಾಗಿ ಕಟ್ಟಿಟ್ಟಿದ್ದ ಆಸ್ಪತ್ರೆಗೆ ನಿಜವಾದ ಗಾಯಾಳುಗಳು ಬಂದರು; ಸೋಪಿಲ್ಲದೆ ತೊಳೆದ ಗಾಯಗಳು ಕೀವುಗಟ್ಟುವುದನ್ನು ನೋಡಿದ ಮೇಲೆ, ಅದುವರೆಗೆ ಯಾರೂ ಕಾಲಿಡದ ಸೋಪಿನ ಕಾರ್ಯಾಗಾರಕ್ಕೆ ಏಕಾಏಕಿ ಮಹತ್ವ ಬಂತು. ಸತ್ತವರನ್ನು ಹೂಳಲು ಶವಪೆಟ್ಟಿಗೆಗಳು ಸಾಲಲಿಲ್ಲ, ಹೂಳದೆ ಬಿಟ್ಟವರು ಪ್ರೇತಗಳಾಗಿ ಬಂದರು, ಪ್ರೇತಗಳನ್ನು ಸಮಾಧಾನಪಡಿಸಲು ಹೆಸರು ಕೆತ್ತಿದ ಸ್ಮಾರಕದ ಕಲ್ಲುಗಳು ಬೇಕಾದವು. ಹನ್ನೆರಡು ವರ್ಷ ಕಾಪಾಡಿಕೊಂಡು ಬಂದಿದ್ದ ಒಬ್ಬ ತುಕಡಿ ನಾಯಕಿ ಬಿದ್ದಾಗ ನಾನು ಆಟವನ್ನು ನಿಲ್ಲಿಸಿ, ಆಕೆಯ ಇಷ್ಟಾನಿಷ್ಟಗಳ ಪುಟವನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಬದುಕಿದ್ದಾಗ ಓದಿರಲಿಲ್ಲ.

ಎರಡನೆಯ ಸಲಹೆ, ಹೊರಗಿನವರಿಗೆ ಬಾಗಿಲು ತೆರೆಯುವುದು. ಪಾನಗೃಹ, ದೇಗುಲ, ಗ್ರಂಥಾಲಯಗಳನ್ನು ಸಂದರ್ಶಕರಿಗೆ ತೆರೆದಿಟ್ಟರೆ ಕವಿಗಳು, ವಿದ್ವಾಂಸರು, ಕೂಲಿ ಸೈನಿಕರು ಬರುತ್ತಾರೆ, ಕೆಲವರು ಇಲ್ಲಿಯೇ ನೆಲೆಸುತ್ತೇವೆಂದು ಅರ್ಜಿ ಹಾಕುತ್ತಾರೆ, ಮತ್ತು ಅವರ ನಡುವೆ ಕಳ್ಳರೂ ಇರುತ್ತಾರೆ. ನನ್ನ ಅಕ್ಕಸಾಲಿಗನೊಬ್ಬ ಭಾವಾವೇಶಕ್ಕೆ ಒಳಗಾಗಿ ಮಾಡಿದ ಅಪೂರ್ವ ಕಿರೀಟವನ್ನು ನಾನು ಪಾನಗೃಹದ ನಡುವೆ ಪೀಠದ ಮೇಲೆ ಇಟ್ಟಿದ್ದೆ. (ಉಗ್ರಾಣದ ತಳದಲ್ಲಿ ಬೀಗ ಹಾಕಿ ಇಡಬಹುದಿತ್ತು, ಆದರೆ ಯಾರೂ ನೋಡದ ಕಿರೀಟ ಯಾವ ಕಿರೀಟ?) ಒಂದು ಬೇಸಿಗೆಯಲ್ಲಿ ಅದು ಕಾಣೆಯಾಯಿತು. 2017ರ ಆವೃತ್ತಿಯಿಂದ ತುಕಡಿಗಳನ್ನು ಕೋಟೆಯ ಹೊರಗಿನ ಜಗತ್ತಿಗೆ ಕಳುಹಿಸಲು ಬರುವುದರಿಂದ, ಅದನ್ನು ಮರಳಿ ತರಲು ನನ್ನ ಅತ್ಯುತ್ತಮ ಹತ್ತು ಜನರನ್ನು ಕಳುಹಿಸಿದೆ. ಅವರು ದಾರಿಯಲ್ಲಿದ್ದಾಗಲೇ ಆಳದ ಗುಹೆಗಳಿಂದ, ಆಟ ಪ್ರತಿ ಜಗತ್ತಿಗೂ ಹೊಸದಾಗಿ ಹೆಣೆಯುವ ವಿಸ್ಮೃತ ಮೃಗಗಳಲ್ಲಿ ಒಂದು ಮೇಲೆ ಬಂತು. ಅದು ಬೋನಿಗೆ ಬೀಳುವ ಜಾತಿಯಲ್ಲ, ಅದರ ಉಸಿರಿನಲ್ಲಿ ವಿಷವಿತ್ತು, ಮನೆಯಲ್ಲಿ ಉಳಿದಿದ್ದವರು ಹೊಸ ಸೈನಿಕರು. ಅಷ್ಟು ಒಳ್ಳೆಯ ಸಂಜೆಯನ್ನು ನಾನು ಆ ಆಟದಲ್ಲಿ ಅದಕ್ಕೂ ಮುಂಚೆ ಕಳೆದಿರಲಿಲ್ಲ.

ಭಾರೀ ನಿರ್ಮಾಣಗಳನ್ನು ಕೈಗೆತ್ತಿಕೊಳ್ಳಿ ಎಂದು ಬಹಳ ಜನ ಹೇಳುತ್ತಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ತೋರಿಕೆಯ ಗೋಪುರ ಐವತ್ತನೆಯ ಮಹಡಿಯ ಹೊತ್ತಿಗೆ ಬರೀ ಕೂಲಿಯಾಗುತ್ತದೆ. ಲಾವಾವನ್ನು ಪಾತಾಳದಿಂದ ಕುಲುಮೆಗಳವರೆಗೆ ಎತ್ತುವುದು ಹಾಗಲ್ಲ, ಏಕೆಂದರೆ ಅದರಲ್ಲಿ ಲೆಕ್ಕವೂ ಇದೆ, ಭಯವೂ ಇದೆ. ಒಂದು ಪಂಪು ಒಂದು ಮಟ್ಟವನ್ನು ಮಾತ್ರ ಎತ್ತುತ್ತದೆ, ಪ್ರತಿಯೊಂದಕ್ಕೂ 10 ಘಟಕ ಶಕ್ತಿ ಬೇಕು. ಅರವತ್ತು ಮಟ್ಟಗಳಿಗೆ 600 ಘಟಕ ಎಂದಾಯಿತು. ಒಳ್ಳೆಯ ಗಾಳಿಯಿರುವ ಕಡೆ ಒಂದು ಗಾಳಿಯಂತ್ರ ಕೊಡುವುದು 40. ಹದಿನೈದು ಗಾಳಿಯಂತ್ರಗಳು, ಕಬ್ಬಿಣದಂತೆ ಲಾವಾ ತಾಳುವ ವಸ್ತುವಿನಿಂದಲೇ ಮಾಡಿದ ಅರವತ್ತು ಪಂಪುಗಳು, ಮತ್ತು ಎಲ್ಲೋ ಒಂದು ಕಡೆ ನೀವು ಮುಚ್ಚಲು ಮರೆತ ಒಂದು ಬಾಗಿಲು.

ಕೋಟೆಯಲ್ಲಿರುವ ಶ್ರೀಮಂತ ಪದವಿಯ ಕುಬ್ಜ, ಅಂದರೆ ಬ್ಯಾರನ್‌ನ ಆಜ್ಞೆಗಳ ಬಗ್ಗೆ ಒಂದೇ ಮಾತು. ಮರಳೇ ಇಲ್ಲದ ನೆಲದಲ್ಲಿ ಗಾಜಿನ ವಸ್ತು ಬೇಕೆಂದು ಅವನು ಹಟ ಹಿಡಿದಾಗ ಅವನನ್ನು ಕೋಣೆಯಲ್ಲಿ ಹಾಕಿ ಗೋಡೆ ಕಟ್ಟಬೇಡಿ. ವ್ಯಾಪಾರಿಗಳಿಂದ ಮರಳನ್ನು ತರಿಸಿ, ಇಲ್ಲವೇ ಶಿಕ್ಷೆ ಯಾರ ತಲೆಗೆ ಬರುತ್ತದೆಂದು ನೋಡಿ.

ಇಷ್ಟನ್ನು ಕೇಳಿದ ಮೇಲೆ ಎಲ್ಲರೂ ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಹೀಗೆಲ್ಲ ಮಾಡಿ ಕೋಟೆಯೇ ನಾಶವಾದರೆ?" ನಾಶವಾಗಬಹುದು. ನನ್ನದು ಆ ಮೃಗದಿಂದ ಬದುಕುಳಿದು, ಮೂರು ವರ್ಷಗಳ ನಂತರದ ಮುತ್ತಿಗೆಯಲ್ಲಿ ಬಿತ್ತು. ಆದರೆ ಬಿದ್ದ ಕೋಟೆ ಜಗತ್ತಿನಿಂದ ಅಳಿಸಿಹೋಗುವುದಿಲ್ಲ; ಅದೇ ಜಗತ್ತಿನಲ್ಲಿ ಹೊಸ ತಂಡವೊಂದನ್ನು ಕಳುಹಿಸಿ ಆ ಪಾಳುಕೋಟೆಯನ್ನು ಮರಳಿ ವಶಪಡಿಸಿಕೊಳ್ಳಲು ಅವಕಾಶವಿದೆ. ನಾನು ಹಾಗೆಯೇ ಮಾಡಿದೆ. ನನ್ನದೇ ಕೈಯಿಂದ ಕೊರೆದ ಹಜಾರಗಳಲ್ಲಿ ಹೊಸಬರು ಅಪರಿಚಿತರಂತೆ ನಡೆದರು, ಮೂಳೆಗಳ ನಡುವೆ ಹಳೆಯ ಸೋಪಿನ ಪೆಟ್ಟಿಗೆಗಳು ಸಿಕ್ಕವು. ಅವರಿಗೆ ಕೊಟ್ಟ ಮೊದಲ ಕೆಲಸ ಶವಪೆಟ್ಟಿಗೆಗಳನ್ನು ಮಾಡುವುದು. ಸೇತುವೆಗೆ ಲಿವರನ್ನು ಇನ್ನೂ ಜೋಡಿಸಿಲ್ಲ.