ಹಾಡ್ಜಾ ಭಾಷೆಯ ಗುಂಗಿನಲ್ಲಿ

ಟಾಂಜಾನಿಯಾದ ಉತ್ತರದಲ್ಲಿ, ಎಯಾಸಿ ಸರೋವರದ ಸುತ್ತ ಇರುವ ಹಾಡ್ಜಾ ಜನರ ಭಾಷೆಯ ಬಗ್ಗೆ ಓದುತ್ತಿದ್ದೇನೆ. ಮಾತಾಡುವವರು ಸುಮಾರು 1000 ಜನ ಅಷ್ಟೇ. ಅಯ್ಯೋ ಪಾಪ ಅಂತ ನಾವು ಲೊಚಗುಟ್ಟುತ್ತೇವಲ್ಲ, ಅಂಥ ಸದ್ದುಗಳು ಅಲ್ಲಿ ವ್ಯಂಜನಗಳಾಗಿ ಪದಗಳ ಒಳಗೇ ಬರುತ್ತವೆ. ಅದಕ್ಕೇ ಹಿಂದೆ ಅದನ್ನು ಇಂಥದೇ ಸದ್ದುಗಳಿರುವ ಆಫ್ರಿಕಾದ ಖೋಯ್‌ಸಾನ್ ಭಾಷೆಗಳ ಜೊತೆ ಸೇರಿಸಿದ್ದರು, ಈಗ ಹೆಚ್ಚಿನ ತಜ್ಞರು ನೆಂಟರೇ ಇಲ್ಲದ ಒಂಟಿ ಭಾಷೆ ಅನ್ನುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ಬೇಟೆಯ ಮಾತು. ಜೀಬ್ರಾ, ಜಿರಾಫೆಯಂಥ ದೊಡ್ಡ ಪ್ರಾಣಿಗಳಿಗೆ ಬದುಕಿದ್ದಾಗ ಒಂದು ಹೆಸರು, ಬೇಟೆಗೆ ಬಿದ್ದ ಮೇಲೆ ಬೇರೆಯದೇ ಹೆಸರು, ಅದನ್ನು ಹೇಳಿದರೆ ಸಾಕು, ಎಲ್ಲರಿಗೂ ಸುದ್ದಿ ಮುಟ್ಟಿತು ಅಂತಲೇ! ಶಾಲೆಯಲ್ಲಿ ಸ್ವಾಹಿಲಿ. ಆದರೂ ಮಕ್ಕಳು ಮನೆಯಲ್ಲಿ ಇನ್ನೂ ಹಾಡ್ಜಾ ಕಲಿಯುತ್ತಿದ್ದಾರೆ, ನಿಜಕ್ಕೂ ಖುಷಿಯಾಯಿತು. ಆದರೆ ಅವರು ಬೇಟೆಯಾಡುವ ಕಾಡು ಹೊಲವಾಗಿ, ಹುಲ್ಲುಗಾವಲಾಗಿ ಕರಗುತ್ತಿದೆ, ನನಗೆ ಅದೇ ಚಿಂತೆ.